ಎರಡನೆಯ ಪರವಾನಗಿ

ಬಸ್ಸು ಪೀರನವಾಡಿ ದಾಟುವವರೆಗೂ ಅಕ್ಕವ್ವ ತಲೆ ತಗ್ಗಿಸುವುದು ಹೇಗೆ ಎಂಬುದನ್ನೇ ಯೋಚಿಸುತ್ತ ಕೂತಿದ್ದಳು. ಮದುವೆಯ ವಯಸ್ಸು ಮೀರುತ್ತಿರುವ ಹೆಣ್ಣಿಗೆ ಇದನ್ನೂ ಕಲಿಸಬೇಕೆ ಎಂದು ಯಾರಾದರೂ ನಕ್ಕಾರು. ಅಪ್ಪ ಲಿಂಗೈಕ್ಯನಾದ ದಿನ ತಗ್ಗಿಸಿದ್ದಳು. ನೋಡಲು ಬಂದ ಗೋಕಾಕದ ಗಂಡಿನವರ ಮುಂದೆ ಚಹಾದ ತಾಟು ಹಿಡಿದು ತಗ್ಗಿಸಿದ್ದಳು. ಕಾಲೇಜಿನಲ್ಲಿ ಮೇಷ್ಟರು ಹೊಗಳಿದಾಗಲೂ ತಗ್ಗಿಸಿದ್ದಳು. ಅವೆಲ್ಲ ತಾವಾಗಿಯೇ ಆದವು. ಆದರೆ ಮಾಡದ ತಪ್ಪಿಗೆ, ಇಂಥ ಹೊತ್ತಿಗೆ ಇಂಥವರ ಮುಂದೆ ಎಂದು ಮೊದಲೇ ಗೊತ್ತುಮಾಡಿಕೊಂಡು ತಗ್ಗಿಸುವಾಗ ಕಣ್ಣನ್ನು ಎಲ್ಲಿಡಬೇಕು? ನೆಲದ ಮೇಲೋ, ತನ್ನ ಕಾಲಿನ ಮೇಲೋ? ಮುಂದಿನ ಸೀಟಿನಲ್ಲಿ ಅವಳ ಆಫೀಸಿನ ಮಾಲೀಕರು ಬಾಳಾಸಾಹೇಬರು ಕೂತಿದ್ದರು. ಅವರ ತೊಡೆಯ ಮೇಲೆ ಕೈಚೀಲ, ಚೀಲದಲ್ಲಿ ತೆಂಗಿನಕಾಯಿ, ಊದಿನಕಡ್ಡಿ, ಕುಂಕುಮದ ಪೊಟ್ಟಣ. ಬಸ್ಸು ತಗ್ಗಿಗೆ ಬಿದ್ದಾಗಲೆಲ್ಲ ಕಾಯಿಯನ್ನು ಕೂಸಿನ ಹಾಗೆ ಅವಚಿಕೊಳ್ಳುತ್ತಿದ್ದರು. ನಿನ್ನೆ ಸಂಜೆ ಟಿಳಕವಾಡಿಯ ಆಫೀಸಿನಲ್ಲಿ ಅವಳು ಕಂಪ್ಯೂಟರ್ ಮಶೀನಿಗೆ ಬಟ್ಟೆ ಹೊದಿಸುತ್ತಿದ್ದಾಗ ಅವರು ಬೆನ್ನು ತಿರುಗಿಸಿಕೊಂಡೇ ಹೇಳಿದ್ದರು: "ನೀ ಏನೂ ಮಾತಾಡಬ್ಯಾಡ, ಅಕ್ಕವ್ವಾ. ಹೇಳೂದೆಲ್ಲಾ ನಾ ಹೇಳತೀನಿ. ಮುಂಬಯಿ ಕಂಪನಿ ಸಬನೀಸ ಸಾಹೇಬ್ರು ನಿನ್ನ ಕಡೆ ನೋಡಿದಾಗ ತಲಿ ತಗ್ಗಿಸಿ ಸುಮ್ಮನಿದ್ದಬಿಡು. ಮುಗೀತು." ಯಾರಿಗೆ ಮುಗಿಯಿತು ಎಂದು ಅವಳು ಕೇಳಲಿಲ್ಲ. ಬಟ್ಟೆಯ ಅಂಚು ಸರಿಮಾಡಿ, ಚಪ್ಪಲಿ ಮೆಟ್ಟಿಕೊಂಡು ಅನಗೋಳದ ದಾರಿ ಹಿಡಿದಿದ್ದಳು.

ಫ್ಲಾಪಿ ಅವಳ ಚೀಲದಲ್ಲಿತ್ತು, ಎರಡು ರಟ್ಟುಗಳ ನಡುವೆ. ಕರಿಯ, ತೆಳ್ಳನೆಯ, ಹಪ್ಪಳದಷ್ಟು ಹಗುರಾದ ಚೌಕ. ಅದಕ್ಕಾಗಿ ಇಷ್ಟೆಲ್ಲ ರಾದ್ಧಾಂತ. ಕಂಪ್ಯೂಟರಿನ ಕೆಲಸಗಳನ್ನು, ಅಂದರೆ ಪ್ರೋಗ್ರಾಮುಗಳನ್ನು, ಬರೆಯುವವರಿಗೆಂದು ಮುಂಬಯಿಯ ಕಂಪನಿಯೊಂದು ಮಾರುವ ಸರಂಜಾಮು ಅದು, ಬಡಗಿಗೆ ಉಳಿ ಇದ್ದಂತೆ. ಅದರಿಂದ ಬರೆದದ್ದು ಯಾವ ಮಶೀನಿನಲ್ಲಿ ನಡೆಯಬೇಕೋ ಆ ಮಶೀನಿನಲ್ಲೂ ಅದು ಇರಬೇಕು. ಫ್ಲಾಪಿಯೊಳಗೆ ಎರಡು ಮಶೀನುಗಳಿಗೆ ಮಾತ್ರ ಪರವಾನಗಿ. ಒಂದು ಮಶೀನಿಗೆ ಹಾಕಿದರೆ ಫ್ಲಾಪಿಯಲ್ಲಿ ಒಂದು ಕಡಿಮೆಯಾಗುತ್ತದೆ. ಬೇಕಾದಾಗ ಮತ್ತೆ ಫ್ಲಾಪಿ ತುರುಕಿ ಅದನ್ನು ವಾಪಸ್ಸು ಕರೆದುಕೊಳ್ಳಬಹುದು. ಅವಳ ಅವ್ವ ಶಿವಬಸವ್ವನಿಗೆ ಇದನ್ನು ತಿಳಿಸಿ ಹೇಳುವಾಗ ಮೊದಲು ಅವ್ವನ ಬಾಯಿಂದ ಹೆಪ್ಪಿನ ಮಾತು ಬಂದಿತ್ತು. ನೆರೆಮನೆಗೆ ಹೆಪ್ಪು ಕೊಟ್ಟರೆ ನಮ್ಮ ಗಡಿಗೆಯ ಮೊಸರು ಕಡಿಮೆಯಾಗುತ್ತದೆಯೇ? ಇದು ಹಾಗಲ್ಲ ಎಂದಿದ್ದಳು ಅಕ್ಕವ್ವ, ಇದು ಮದುವೆ ಮನೆಗೆ ಎರವಲು ಕೊಟ್ಟ ಹಂಡೆ, ತಿರುಗಿ ಬರುವ ತನಕ ನಮ್ಮಲ್ಲಿ ಇಲ್ಲ. ಆಫೀಸಿನಲ್ಲಿ ಮಶೀನು ಎರಡು. ಒಂದರಲ್ಲಿ ಅವಳು ಬರೆಯುತ್ತಿದ್ದಳು. ಅದರ ಪರವಾನಗಿ ಅದರೊಳಗೇ ಕೂತಿತ್ತು. ಇನ್ನೊಂದಕ್ಕೆ ಅವಳು ಇಟ್ಟ ಹೆಸರು ಬಡಪಾಯಿ. ಖಾನಾಪುರದ ಹಂಚಿನ ಭಟ್ಟಿಗಳ ಕೆಲಸಗಾರರ ಸೊಸೈಟಿಗೆ ಪಗಾರದ ಕೆಲಸ ಬರೆದುಕೊಡುವುದು ಬಾಳಾಸಾಹೇಬರು ಹಿಡಿದ ಮೊದಲ ದೊಡ್ಡ ಕೆಲಸ. ಅಲ್ಲಿನ ಹೊಸ ಮಶೀನಿನಲ್ಲಿ ಅದು ಮೊದಲನೇ ದಿನ ಹೇಗೆ ನಿಲ್ಲುತ್ತದೆಂದು ನೋಡಲು ಇಲ್ಲಿ ಬಡಪಾಯಿಯನ್ನು ಸಂಜೆಗೊಮ್ಮೆ ಪೂರಾ ಒರೆಸಿ ಹಾಕಬೇಕು, ಮುಂಜಾನೆ ಮತ್ತೆ ಹೊಸದಾಗಿ ತುಂಬಬೇಕು. ಒರೆಸುವ ಮುಂಚೆ ಎರಡನೆಯ ಪರವಾನಗಿಯನ್ನು ಫ್ಲಾಪಿಗೆ ಕರೆದುಕೊಳ್ಳಬೇಕು. ಮರೆತರೆ ಮಶೀನಿನ ಜೊತೆ ಅದೂ ಮಣ್ಣುಪಾಲು. ಬಡಪಾಯಿ ದಿನಾ ಸಾಯುತ್ತಿತ್ತು, ದಿನಾ ಹುಟ್ಟುತ್ತಿತ್ತು. ಅಕ್ಕವ್ವ ಒಂದು ದಿನವೂ ಮರೆತವಳಲ್ಲ. ಕೆಲಸ ಮುಗಿದ ಮೇಲೆ ಅದೇ ಪರವಾನಗಿ ಖಾನಾಪುರಕ್ಕೆ ಹೋಗಬೇಕಾಗಿತ್ತು.

ದೀಪಾವಳಿ ಅಮಾವಾಸ್ಯೆಯ ದಿನ ಅವಳು ಅದನ್ನೇ ಮಾಡುತ್ತಿದ್ದಳು. ಫ್ಲಾಪಿ ಒಳಗಿತ್ತು, ಪೆಟ್ಟಿಗೆಯ ಮೂತಿಯಲ್ಲಿ ಸಣ್ಣ ಕೆಂಪು ದೀಪ ಉರಿಯುತ್ತಿತ್ತು, ಪರವಾನಗಿ ಬಡಪಾಯಿಯನ್ನು ಬಿಟ್ಟು ಫ್ಲಾಪಿಯ ಕಡೆ ಹೊರಟಿತ್ತು. ಆಗ ಬಾಳಾಸಾಹೇಬರ ತಾಯಿ, ಎಲ್ಲರೂ ಆಯಿ ಎನ್ನುವ ಮುದುಕಿ, ಜರಿ ಸೀರೆ ಉಟ್ಟುಕೊಂಡು ಆರತಿ ತಾಟು ಹಿಡಿದು ಮೆಟ್ಟಿಲು ಹತ್ತಿ ಬಂದಳು. ಪ್ರತಿ ಅಮಾವಾಸ್ಯೆಯೂ ಬರುವವಳೇ. ಬಂದಾಗಲೆಲ್ಲ ಅಕ್ಕವ್ವನನ್ನು ಮೇಲಿನಿಂದ ಕೆಳಗಿನ ತನಕ ನೋಡಿ ಕೇಳುವವಳೇ. ಆ ದಿನವೂ ಕೇಳಿದಳು, ಪ್ರಿಂಟರಿನ ಕಾಗದ ಇಳಿಸಲು ಬಂದ ಹಮಾಲರ ಮುಂದೆ: "ಏನವಾ ಪೋರಿ, ಹೊರಗ ಅದಿಯೇನ?" ಇಲ್ಲ ಅಂದಿದ್ದರೆ ಆಗುತ್ತಿತ್ತು. ಹಿಂದೆ ಎಷ್ಟೋ ಸಲ, ನಿಜವಾಗಿ ಇದ್ದಾಗಲೂ, ಇಲ್ಲರೀ ಆಯಿ ಅಂದು ಪ್ರಸಾದ ತಿಂದಿದ್ದಳು. ಅವಳ ಮನೆಯಲ್ಲಿ ಪಾಲಿಸದ ಮುಟ್ಟಿನ ಮೈಲಿಗೆಯ ಬಗ್ಗೆ ಇನ್ನೊಬ್ಬರ ಮನೆಯಲ್ಲಿ ಸುಳ್ಳು ಹೇಳಿದರೆ ಅದು ಸುಳ್ಳಾಗುತ್ತದೆಯೇ? ಆ ದಿನ ಯಾವ ಭೂತ ಹೊಕ್ಕಿತೋ. ಹಮಾಲರು ನೆಲ ನೋಡಿದ್ದು ಅವಳ ಕಣ್ಣಿಗೆ ಬಿದ್ದಿತ್ತು. "ಹೂಂರಿ, ಅದೀನಿ" ಎಂದುಬಿಟ್ಟಳು. ಆಯಿ ತಾಟನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದಳು. "ಹಂಗಾದ್ರ ಬಾಜೂಕ ಸರಿಯವಾ. ಗ್ಯಾಲರ್ಯಾಗ ನಿಂದರು. ಲಕ್ಷ್ಮಿ ಬರೂ ಹೊತ್ತಿದು." ಮೂರು ವರ್ಷದಿಂದ ಆ ಕೋಣೆಯಲ್ಲಿ ಅವಳ ಬೆರಳು ತಾಗದ ವಸ್ತು ಒಂದಿರಲಿಲ್ಲ. ಎದ್ದು ಹೊರಗೆ ಹೋದಳು. ಇದೇ ಅವಳಿಗೆ ಇಂದಿಗೂ ತಿಳಿಯದ್ದು. ಯಾಕೆ ಎದ್ದಳು? ಕಾಲುಗಳು ತಾವಾಗಿ ಎದ್ದವು. ಗ್ಯಾಲರಿಯಲ್ಲಿ ನಿಂತರೆ ಎರಡನೇ ರೈಲ್ವೆ ಗೇಟು ಕಾಣುತ್ತಿತ್ತು, ಗೇಟು ಹಾಕಿತ್ತು, ಸೈಕಲ್ಲುಗಳು ಸಾಲುಗಟ್ಟಿದ್ದವು. ಈ ಕಡೆ ಕಿಟಕಿಯ ಸರಳುಗಳ ಆಚೆ ಕೆಂಪು ದೀಪ ಇನ್ನೂ ಉರಿಯುತ್ತಿತ್ತು.

ಬಾಳಾಸಾಹೇಬರ ತಂದೆಯದು ವಡಗಾವಿಯಲ್ಲಿ ಹಿಟ್ಟಿನ ಗಿರಣಿ. ಪಟ್ಟಾ ತಿರುಗುತ್ತಿರುವಾಗಲೇ ಕುಂಕುಮ ಹಚ್ಚಲು ಹೋಗಿ ಆ ಹಿರಿಯ ಬೆರಳು ಕಳೆದುಕೊಂಡಿದ್ದ. ಅಂದಿನಿಂದ ಆ ಮನೆತನದಲ್ಲಿ ಒಂದು ಕಟ್ಟಳೆ: ಯಂತ್ರದ ಪೂಜೆಗೆ ಮೊದಲು ಮೇನ್ ಸ್ವಿಚ್ ಕೆಳಗಿಳಿಸಬೇಕು, ಯಂತ್ರ ಪೂರಾ ನಿಂತ ಮೇಲೆ ಕುಂಕುಮ, ಕಾಯಿ ಒಡೆದಾದ ಮೇಲೆ ಮತ್ತೆ ಮೇಲೆ. ಗಿರಣಿ ಹೋಗಿ ಕಂಪ್ಯೂಟರು ಬಂದರೂ ಕಟ್ಟಳೆ ಹೋಗಲಿಲ್ಲ. ಬೇರೆ ಅಮಾವಾಸ್ಯೆಗಳಲ್ಲಿ ಅಕ್ಕವ್ವ ಮೊದಲೇ ಎಲ್ಲ ಬಂದುಮಾಡಿ, ಈಗ ತಗೀರಿ ಅನ್ನುತ್ತಿದ್ದಳು. ಬರೆಯುವ ಮಶೀನಿಗೆ ಬ್ಯಾಟರಿ ಪೆಟ್ಟಿಗೆಯ ಆಸರೆ ಇತ್ತು, ಬಡಪಾಯಿಗೆ ಅದೂ ಇಲ್ಲ. ಆ ದಿನ ಅವಳು ಸರಳುಗಳ ಆಚೆಯಿಂದ ನೋಡಿದಳು. ಬಾಳಾಸಾಹೇಬರು ಟೋಪಿ ಸರಿಮಾಡಿಕೊಂಡರು. ಗೋಡೆಯ ಕಡೆ ನಡೆದರು. ಕೈ ಎತ್ತಿದರು. ನಿಂದರ್ರಿ ಎಂಬ ಮಾತು ಅವಳ ಗಂಟಲಿನವರೆಗೆ ಬಂದಿತ್ತು. ಒಂದೇ ಮಾತು. ದಾರಿಯಲ್ಲಿ ಹೋಗುವ ಅಪರಿಚಿತನ ಚಪ್ಪಲಿಯಡಿ ಮುಳ್ಳು ಕಂಡರೂ ಅನ್ನುವ ಮಾತು. ಅವಳು ಅನ್ನಲಿಲ್ಲ. ಹೊರಗೆ ನಿಲ್ಲಿಸಿದವರು ಒಳಗಿನದನ್ನು ತಾವೇ ನೋಡಿಕೊಳ್ಳಲಿ ಎಂದುಕೊಂಡಳೋ, ಪೂಜೆಯ ಹೊತ್ತಿನಲ್ಲಿ ಬಾಯಿ ತೆರೆದರೆ ಆಯಿ ಏನನ್ನುತ್ತಾಳೋ ಎಂದು ಅಂಜಿದಳೋ, ಈಗ ಎರಡನ್ನೂ ಹೇಳಿಕೊಳ್ಳಬಹುದು. ಖಂಡಿತವಾಗಿ ಗೊತ್ತಿರುವುದು ಒಂದೇ: ಕೆಂಪು ದೀಪ ಪಟಕ್ಕನೆ ಆರಿದಾಗ ಅವಳಿಗೆ ಸಂತೋಷವಾಗಿತ್ತು. ಸಣ್ಣ, ಹೊಲಸಾದ, ಬಾಯಲ್ಲಿ ಕದ್ದ ಬೆಲ್ಲದಂಥ ಸಂತೋಷ. ಆ ಮೇಲೆ ನೋಡಿದರೆ ಬಡಪಾಯಿಯಲ್ಲೂ ಪರವಾನಗಿ ಇಲ್ಲ, ಫ್ಲಾಪಿಯಲ್ಲೂ ಇಲ್ಲ.

"ಮಚ್ಛೆ, ಮಚ್ಛೆ ಇಳಿಯವರು" ಎಂದು ಕಂಡಕ್ಟರು ಕೂಗಿದ. ಬುಟ್ಟಿ ಹೊತ್ತ ಹೆಂಗಸೊಬ್ಬಳು ಅಕ್ಕವ್ವನ ಕಾಲು ತುಳಿದು ಇಳಿದಳು. ಬಾಳಾಸಾಹೇಬರು ಹಿಂದಿರುಗಿ ನೋಡಿ, ಕೂತಿದ್ದಾಳೆ ಎಂದು ಖಾತ್ರಿ ಮಾಡಿಕೊಂಡು, ಮತ್ತೆ ಮುಂದೆ ತಿರುಗಿದರು. ಪಾಪ, ಕೆಟ್ಟ ಮನುಷ್ಯರಲ್ಲ. ಬೇರೆ ಯಾರೂ ಹುಡುಗಿಯರನ್ನು ಮಶೀನಿನ ಹತ್ತಿರ ಬಿಡದ ಹೊತ್ತಿನಲ್ಲಿ ಅವಳನ್ನು ಕೂರಿಸಿದವರು ಅವರೇ. ಅದನ್ನು ಅವರು ಎಂದೂ ಬಾಯಿಬಿಟ್ಟು ಹೇಳಿದವರಲ್ಲ, ಅದಕ್ಕೇ ಅದು ಅವಳ ಬೆನ್ನ ಮೇಲೆ ಇನ್ನಷ್ಟು ಭಾರವಾಗಿ ಕೂತಿತ್ತು. ದೀಪಾವಳಿ ಮುಗಿದ ಮೇಲೆ ಅವರು ಮುಂಬಯಿಗೆ ಟ್ರಂಕ್ ಕಾಲ್ ಹಚ್ಚಿದ್ದರು. ಕಂಪನಿಯವರು ಹೇಳಿದರಂತೆ, ಪರವಾನಗಿ ತಾನಾಗಿ ಮಾಯವಾಗುವುದು ಸಾಧ್ಯವೇ ಇಲ್ಲ, ಎಲ್ಲೋ ಇನ್ನೊಂದು ಮಶೀನಿನಲ್ಲಿ ಕೂತಿದೆ, ಯಾರಿಗೆ ಕೊಟ್ಟಿರಿ ಹೇಳಿ, ಹೇಳಿದರೆ ಹೊಸ ಫ್ಲಾಪಿ, ಹೇಳದಿದ್ದರೆ ನಿಮ್ಮ ಜೊತೆ ವ್ಯವಹಾರ ಬಂದ್. ಫೋನು ಇಟ್ಟು ಬಾಳಾಸಾಹೇಬರು ಅವಳ ಕಡೆ ತಿರುಗಿದರು. "ಪೂಜಿ ಮಾಡಾಕ ಮೇನ್ ತಗದೆ ಅಂತ ಆ ಮಂದಿಗೆ ಹ್ಯಾಂಗ ಹೇಳ್ಲಿ, ಅಕ್ಕವ್ವಾ? ಗಿರಣಿಯಾಂವ ಕಂಪ್ಯೂಟರ್ ಇಟ್ಟಾನ ಅಂತ ನಗತಾರ. ನಂಬೂದಂತೂ ಇಲ್ಲ." ಆಮೇಲೆ ಅವರೇ ಒಂದು ಕತೆ ಹೊಸೆದರು. ಹುಡುಗಿ ತಿಳಿಯದೆ ಯಾರೋ ಗೆಳೆಯನ ಮಶೀನಿಗೆ ಹಾಕಿಕೊಟ್ಟಳು, ಆ ಮಶೀನು ಈಗ ಕೆಟ್ಟುಹೋಗಿದೆ, ತಪ್ಪಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಗೆಳೆಯ ಎಂಬ ಮಾತು ಅವರ ಬಾಯಿಂದ ಎಷ್ಟು ಸಲೀಸಾಗಿ ಬಂದಿತ್ತು. ಗೆಳತಿ ಅಂದಿದ್ದರೂ ಕತೆ ನಡೆಯುತ್ತಿತ್ತಲ್ಲ? ಆದರೆ ಲಗ್ನವಾಗದ ಹುಡುಗಿ ಕದ್ದು ಏನನ್ನಾದರೂ ಕೊಟ್ಟಳೆಂದರೆ ಕೇಳುವವರ ಮನಸ್ಸು ತಾನಾಗಿ ಒಬ್ಬ ಗಂಡಸನ್ನು ಹುಡುಕಿಕೊಳ್ಳುತ್ತದೆ, ಕತೆ ಗಟ್ಟಿಯಾಗುತ್ತದೆ. ವ್ಯಾಪಾರಸ್ಥರು ಅವರು, ಅಷ್ಟು ತಿಳಿಯದೆ ಇದ್ದಾರೆಯೇ? ಬೆಳಗಾವಿಯಲ್ಲಿ ಕಂಪ್ಯೂಟರು ಇಟ್ಟವರೆಲ್ಲ ಒಬ್ಬರಿಗೊಬ್ಬರು ಗೊತ್ತು. ಈ ಮಾತು ಒಂದು ಸಲ ಹೊರಬಿದ್ದರೆ ಎಲ್ಲೂ ಅವಳ ಕೈಗೆ ಮಶೀನು ಕೊಡುವವರಿಲ್ಲ. ಅನಗೋಳದ ಓಣಿಯಲ್ಲಿ ಅವ್ವನಿಗೆ ತಲೆ ಎತ್ತಿ ತಿರುಗುವಂತಿಲ್ಲ.

ಪರವಾನಗಿ ಕಳೆದದ್ದನ್ನಾಗಲಿ ಈ ತಪ್ಪೊಪ್ಪಿಗೆಯನ್ನಾಗಲಿ ಅವ್ವನಿಗೆ ಅವಳು ಹೇಳಿರಲಿಲ್ಲ. ಇಂದು ಮುಂಜಾನೆ ಅಡಿಗೆಮನೆಯಲ್ಲಿ ಶಿವಬಸವ್ವ ರೊಟ್ಟಿ ಬಡಿಯುತ್ತಿದ್ದಳು, ಸ್ನಾನವಾಗಿತ್ತು, ಹಣೆಯ ಮೇಲೆ ವಿಭೂತಿ ಒದ್ದೆಯಾಗಿತ್ತು. ಪೂಜೆಗೆ ಹೂ ಕೊಡು ಎಂದು ಕೈ ಚಾಚಿದಾಗ ಅಕ್ಕವ್ವನಿಗೆ ಏನನ್ನಿಸಿತೋ, ಕೊಡದೆ ನಿಂತಳು. "ಅವ್ವಾ, ನಾ ಇವತ್ತ ಹೊರಗ ಅದೀನಿ" ಎಂದಳು. ಆ ಮಾತನ್ನು ಆ ಮನೆಯಲ್ಲಿ ಅವಳು ಆಡಿದ್ದು ಅದೇ ಮೊದಲು. ಶಿವಬಸವ್ವ ಚಾಚಿದ ಕೈಯನ್ನು ಹಾಗೆಯೇ ಇಟ್ಟು ಮಗಳನ್ನು ನೋಡಿದಳು. "ಯಾರ್ ಕಲಿಸಿದ್ರು ನಿನಗ ಈ ಮಾತು? ಕೊರಳಾಗ ಲಿಂಗ ಕಟ್ಟಿದಾಕಿಗೆ ಎಂಥಾ ಹೊರಗ, ಎಂಥಾ ಒಳಗ? ಹೂ ಕೊಡು ಇಲ್ಲೆ." ಅಷ್ಟೇ. ಮತ್ತೆ ರೊಟ್ಟಿ ಬಡಿಯತೊಡಗಿದಳು. ಅವ್ವನಿಗೆ ಅದೊಂದು ದೊಡ್ಡ ಮಾತಲ್ಲ, ಉಪ್ಪು ಎಲ್ಲಿದೆ ಎಂದು ಹೇಳಿದ ಹಾಗೆ ಹೇಳಿದ್ದಳು. ಅಕ್ಕವ್ವನಿಗೆ ನಾಚಿಕೆಯಾಯಿತು. ಹೊರಗೆ ನಿಲ್ಲಿಸಿದ್ದಕ್ಕಲ್ಲ, ತಾನು ಹೋಗಿ ನಿಂತದ್ದಕ್ಕೆ. ತಿಂಗಳಿನಿಂದ ಆಯಿಯ ಮೇಲೆ, ಬಾಳಾಸಾಹೇಬರ ಮೇಲೆ ಉರಿಯುತ್ತಿದ್ದ ಸಿಟ್ಟೆಲ್ಲ ಆ ಹೊಗೆಯ ಅಡಿಗೆಮನೆಯಲ್ಲಿ ತಿರುಗಿ ಅವಳ ಮೇಲೆಯೇ ಬಂತು. ಇಂದು ದೀಪಾವಳಿಯ ಮುಂದಿನ ಛಟ್ಟಿ ಅಮಾವಾಸ್ಯೆ, ಅದಕ್ಕೇ ಬಾಳಾಸಾಹೇಬರು ಈ ದಿನವನ್ನೇ ಗೊತ್ತುಮಾಡಿದ್ದರು. ತಪ್ಪೊಪ್ಪಿಗೆ ಮುಗಿದೊಡನೆ ಹೊಸ ಪರವಾನಗಿ, ಅದರ ಬೆನ್ನಿಗೇ ಪೂಜೆ, ಕಾಯಿ, ಪೇಢೆ. ಒಂದೇ ಏಟಿಗೆ ಎಲ್ಲ ಶುದ್ಧ.

ಖಾನಾಪುರದ ಬಸ್ ನಿಲ್ದಾಣದಲ್ಲಿ ಇಳಿದು ಚಹಾ ಕುಡಿದರು. ಗಾಳಿಯಲ್ಲಿ ಭಟ್ಟಿಯ ಹೊಗೆಯ ವಾಸನೆ ಇತ್ತು, ಒಬ್ಬ ಮಾರಾಟಗಾರ ಮರಾಠಿಯಲ್ಲಿ ಕೂಗುತ್ತ, ಗಿರಾಕಿಗೆ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದ. ಬಾಳಾಸಾಹೇಬರು ಬಸಿಯಲ್ಲಿ ಚಹಾ ಊದುತ್ತ ಅವಳ ಮುಖ ನೋಡದೆ ಕೇಳಿದರು, "ಮತ್ತ... ಆಯಿ ಕೇಳ್ಯಾಳ. ಇವತ್ತೇನೂ ಅಡಚಣಿ ಇಲ್ಲಲ್ಲ? ಪೂಜಿ ಐತಿ, ಅದಕ್ಕ." ಅವರ ಕಿವಿ ಕೆಂಪಾಗಿತ್ತು. ಅಷ್ಟು ದೊಡ್ಡ ಮನುಷ್ಯ, ತಾಯಿಯ ಪ್ರಶ್ನೆಯನ್ನು ಬಸ್ಸಿನಲ್ಲಿ ಹೊತ್ತುಕೊಂಡು ಬಂದಿದ್ದರು, ಕಾಯಿಯ ಜೊತೆಗೆ. ಅಕ್ಕವ್ವನಿಗೆ ನಗು ಬಂತು, ನಗಲಿಲ್ಲ. "ಸಾಹೇಬ್ರ, ನಾ ತಲಿ ತಗ್ಗಿಸಲಿಲ್ಲಂದ್ರ ಏನಾಗತೈತಿ?" ಎಂದು ಕೇಳಿದಳು. ಅವರು ಬಸಿ ಕೆಳಗಿಟ್ಟರು. "ಏನಾಗತೈತಿ? ಖಾನಾಪುರ ಕೈ ಬಿಡತೈತಿ. ಕಂಪನಿ ಕೈ ಬಿಡತೈತಿ. ಆಮ್ಯಾಲ ನೀನೂ ನಾನೂ ವಡಗಾವ್ಯಾಗ ಗಿರಣಿ ಇಟಗೊಂಡು ಹಿಟ್ಟು ಹಾಕೂಣು. ನಿನ್ನ ನೌಕರಿಗೆ ಧಕ್ಕಿ ಇಲ್ಲ, ಅಕ್ಕವ್ವಾ, ನಾ ಮಾತ ಕೊಡತೀನಿ. ಒಂದ ಕ್ಷಣದ ಮಾತು. ಮಂದಿ ಮರೀತಾರ." ಮಂದಿ ಮರೆಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ಲೋಟ ಕೆಳಗಿಟ್ಟು ನಡೆದಳು. ಅಡಚಣಿಯ ಪ್ರಶ್ನೆಗೆ ಉತ್ತರ ಕೊಡಲಿಲ್ಲ, ಅವರು ಮತ್ತೆ ಕೇಳಲೂ ಇಲ್ಲ.

ಸೊಸೈಟಿಯ ಹಂಚಿನ ಮನೆ ಪೇಟೆಯ ತುದಿಗಿತ್ತು. ಬಾಗಿಲ ಹೊರಗೆ ಚಪ್ಪಲಿ ಬಿಡಬೇಕು, ಒಳಗೆ ಸೆಗಣಿ ಸಾರಿಸಿದ ನೆಲದ ಮೇಲೆ ರಂಗೋಲಿ, ಅದರ ನಡುವೆ ಮೇಜು, ಮೇಜಿನ ಮೇಲೆ ಹೊಸ ಮಶೀನು. ಸೊಸೈಟಿಯ ಸೆಕ್ರೆಟರಿ ತಮ್ಮಣ್ಣನವರು ಬಿಳಿ ಮೀಸೆಯ ಹಿರಿಯರು, ಅಕ್ಕವ್ವನ ಅಪ್ಪನನ್ನು ಬಲ್ಲವರು. "ಬಾರವಾ ತಂಗಿ, ಕುಂದರು" ಎಂದು ಕುರ್ಚಿ ತೋರಿಸಿದರು. ಸಬನೀಸರು ಆಗಲೇ ಬಂದು ಕೂತಿದ್ದರು. ಮುಂಬಯಿಯ ಕಂಪನಿಯ ಮನುಷ್ಯ, ಇಸ್ತ್ರಿಯ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಮುಂದೆ ಎರಡು ಪರವಾನಗಿಯ ಹೊಸ ಫ್ಲಾಪಿ. ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ ಎಂದು ಎಲ್ಲರಿಗೂ ಗೊತ್ತಿದ್ದರೂ ಕೆಲಸದ ಮೇಲೆ ಬಂದಾಗ ಮರಾಠಿ ಮತ್ತು ಇಂಗ್ಲಿಷು ಬಿಟ್ಟು ಬೇರೆ ಆಡುತ್ತಿರಲಿಲ್ಲ. ಕಳೆದುಹೋದ ಪರವಾನಗಿಯನ್ನು ಖಾನಾಪುರದ ಮಶೀನಿಗೇ ಗುಟ್ಟಾಗಿ ಹಾಕಿ ಇನ್ನೊಂದನ್ನು ಪುಕ್ಕಟೆ ಕೇಳುತ್ತಿದ್ದಾರೆಂದು ಅವರ ಅನುಮಾನ. ಮುಂಜಾನೆಯೇ ಬಂದು ಮಶೀನನ್ನೆಲ್ಲ ತಡಕಾಡಿದ್ದರು, ಏನೂ ಸಿಕ್ಕಿರಲಿಲ್ಲ. ಆದ್ದರಿಂದ ಅವರ ಸಿಟ್ಟು ಹೆಚ್ಚಾಗಿತ್ತು. ಕಳ್ಳ ಸಿಗದ ಪೋಲೀಸನಿಗೆ ದಾರಿಯಲ್ಲಿ ಹೋಗುವವರೆಲ್ಲ ಕಳ್ಳರು. ಬಾಳಾಸಾಹೇಬರು ಕೈ ಮುಗಿದು, ಟೋಪಿ ತೆಗೆದು, ಮರಾಠಿಯಲ್ಲಿ ತಮ್ಮ ಕತೆ ಶುರುಮಾಡಿದರು. ಚೆನ್ನಾಗಿಯೇ ಹೇಳಿದರು. ಹುಡುಗಿ ಜಾಣೆ, ಆದರೆ ಸಣ್ಣ ವಯಸ್ಸು. ಗೆಳೆಯನೊಬ್ಬ ಕೇಳಿದ. ಇಲ್ಲ ಅನ್ನಲಾಗಲಿಲ್ಲ. ಗುಮಾಸ್ತರ ಟೈಪಿನ ಸದ್ದು ನಿಂತಿತು. ತಮ್ಮಣ್ಣನವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸತೊಡಗಿದರು, ಒರೆಸುವಂಥದ್ದೇನೂ ಅದರಲ್ಲಿ ಇರಲಿಲ್ಲ.

"ಯಾರು ಆ ಗೆಳೆಯ?" ಎಂದು ಸಬನೀಸರು ಮರಾಠಿಯಲ್ಲಿ ಕೇಳಿದರು. ಕೇಳಿದ್ದು ಬಾಳಾಸಾಹೇಬರನ್ನು, ನೋಡಿದ್ದು ಅವಳನ್ನು. ಅವರ ತುಟಿಯ ಮೂಲೆಯಲ್ಲಿ ಒಂದು ನಗುವಿತ್ತು, ಕಂಪನಿಗೂ ಪರವಾನಗಿಗೂ ಸಂಬಂಧವಿಲ್ಲದ ನಗು. ಅಕ್ಕವ್ವನ ತಲೆ ಬಾಗತೊಡಗಿತು. ಅವಳು ಬಾಗಿಸಲಿಲ್ಲ, ಅದು ತಾನಾಗಿ ಹೊರಟಿತು, ಗ್ಯಾಲರಿಗೆ ಕಾಲುಗಳು ಹೊರಟ ಹಾಗೆ. ಕಣ್ಣು ಎಲ್ಲಿಡಬೇಕೆಂದು ದಾರಿಯುದ್ದಕ್ಕೂ ಚಿಂತಿಸಿದ್ದಳು, ಅವು ತಾವೇ ಜಾಗ ಹುಡುಕಿಕೊಂಡವು: ರಂಗೋಲಿಯ ಅಂಚು, ಅದನ್ನು ತುಳಿದು ನಿಂತ ತನ್ನ ಬರಿಗಾಲು. ಕಾಲು ಒಳಗಿತ್ತು. ಪೂಜೆಯ ರಂಗೋಲಿಯ ಒಳಗೆ, ಮಶೀನಿನ ಪಕ್ಕ, ಯಾರನ್ನೂ ಕೇಳದೆ ಬಂದು ನಿಂತಿತ್ತು. ಎಂಥಾ ಹೊರಗ, ಎಂಥಾ ಒಳಗ, ಎಂದು ಅವ್ವ ಹಿಟ್ಟಿನ ಕೈಯಲ್ಲೇ ಅಂದದ್ದು ನೆನಪಾಯಿತು. ಅಕ್ಕವ್ವ ತಲೆ ಎತ್ತಿದಳು.

"ಯಾರಿಗೂ ಕೊಟ್ಟಿಲ್ರೀ" ಎಂದಳು, ಕನ್ನಡದಲ್ಲಿ. ಮರಾಠಿ ಅವಳಿಗೆ ನೀರು ಕುಡಿದಷ್ಟು ಸುಲಭ, ಆದರೆ ಈ ಮಾತಿಗೆ ಅವ್ವನ ಭಾಷೆಯೇ ಬೇಕಾಗಿತ್ತು. ಬಾಳಾಸಾಹೇಬರು "ಅಕ್ಕವ್ವಾ" ಎಂದು ಮೆಲ್ಲಗೆ ಅಂದರು. ಅವಳು ಆ ಕಡೆ ನೋಡಲಿಲ್ಲ. "ನನಗ ಗೆಳ್ಯಾನೂ ಇಲ್ಲ, ಆ ಪರವಾನಗಿ ಯಾರ ಮಶೀನಿನಾಗೂ ಇಲ್ಲ. ವಾಪಸ್ ಬರೂವಾಗ ನಡುದಾರ್ಯಾಗ ಕರೆಂಟ್ ಹೋತು. ಅಲ್ಲೇ ಸತ್ತೈತಿ." ಸಬನೀಸರು ಕುರ್ಚಿಗೆ ಒರಗಿದರು. ಅದು ಸಾಧ್ಯವೇ ಇಲ್ಲ, ಎಂದರು. ತಮ್ಮ ಇಂಜಿನಿಯರುಗಳು ಅದಕ್ಕೆಲ್ಲ ವ್ಯವಸ್ಥೆ ಮಾಡಿದ್ದಾರೆ, ಮೊದಲು ಫ್ಲಾಪಿಯಲ್ಲಿ ಬರೆದು ಆಮೇಲೆಯೇ ಮಶೀನಿನಿಂದ ಅಳಿಸುವುದು, ಕರೆಂಟು ಹೋದರೂ ಒಂದು ಕಡೆ ಇದ್ದೇ ಇರುತ್ತದೆ. "ಹೊಸಾ ಫ್ಲಾಪಿ ತಂದೀರಲ್ಲ, ಅದನ್ನ ಹಾಕ್ರಿ" ಎಂದಳು ಅಕ್ಕವ್ವ. "ಒಂದು ಪರವಾನಗಿ ಈ ಮಶೀನಿಗೆ ಇಳಸ್ರಿ. ಆಮ್ಯಾಲ ವಾಪಸ್ ಕರೀರಿ. ಅದು ಬರೂ ಹೊತ್ತಿನಾಗ ನಾ ಮೇನ್ ತಗೀತೀನಿ. ನಿಮ್ಮ ಮಾತು ಖರೇ ಆದ್ರ ನಾ ಕಳ್ಳಿ, ಇಲ್ಲಿ ಎಲ್ಲಾರ ಮುಂದ ಹೇಳತೀನಿ." ಸಬನೀಸರು ಸುತ್ತ ನೋಡಿದರು. ಗುಮಾಸ್ತರು, ಸೆಕ್ರೆಟರಿ, ಬಾಗಿಲಲ್ಲಿ ಪಗಾರಕ್ಕೆ ಬಂದು ನಿಂತ ಭಟ್ಟಿಯ ಹೆಂಗಸರು. ಇಷ್ಟು ಮಂದಿಯ ಮುಂದೆ ಹಿಂದೆ ಸರಿಯುವ ಗಂಡಸಲ್ಲ ಅವರು. ಖುಷಿಯಿಂದ ತೆಗೆಯಿರಿ, ಎಂದರು.

ಮೇನ್ ಸ್ವಿಚ್ ಬಾಗಿಲ ಪಕ್ಕದ ಗೋಡೆಯಲ್ಲಿತ್ತು. ಕಬ್ಬಿಣದ ಡಬ್ಬಿ, ಅದಕ್ಕೆ ತಮ್ಮಣ್ಣನವರು ಮುಂಜಾನೆಯೇ ಮೂರು ಬೆರಳಿನ ವಿಭೂತಿ ಎಳೆದಿದ್ದರು. ಅವಳು ಹಿಡಿಕೆಗೆ ಕೈ ಹಾಕಿ ನಿಂತು ಮಶೀನಿನ ಮೂತಿ ನೋಡಿದಳು. ಸಬನೀಸರು ಕೀಲಿ ಒತ್ತಿದರು. ಪರವಾನಗಿ ಇಳಿಯಿತು, ಮಶೀನು ಒಪ್ಪಿಕೊಂಡಿತು. ಮತ್ತೆ ಒತ್ತಿದರು, ವಾಪಸ್ಸು ಕರೆದರು. ಕೆಂಪು ದೀಪ ಹೊತ್ತಿತು. ಅಲ್ಲೇ, ಅದೇ ಜಾಗದಲ್ಲಿ, ಅದೇ ಕೆಂಪು. ಬಾಳಾಸಾಹೇಬರು ಅರ್ಧ ಎದ್ದರು, "ಬ್ಯಾಡ, ಅಕ್ಕವ್ವಾ" ಎಂದರು. ಒಂದು ವೇಳೆ ಇಂಜಿನಿಯರುಗಳ ಮಾತೇ ನಿಜವಾಗಿದ್ದರೆ? ಆ ದಿನ ಬೇರೇನೋ ಆಗಿದ್ದರೆ, ತನ್ನದೇ ಕೈ ಎಲ್ಲೋ ತಪ್ಪಿದ್ದರೆ, ತಿಂಗಳಿಡೀ ಹೊತ್ತ ಸಿಟ್ಟೆಲ್ಲ ಬರೀ ಸೊಕ್ಕಾಗಿದ್ದರೆ? ಇಷ್ಟು ಮಂದಿಯ ಮುಂದೆ ತಾನೇ ತನ್ನ ಕೊರಳಿಗೆ ಹಗ್ಗ ಹಾಕಿಕೊಂಡಂತೆ. ಆಗಲಿ ಎಂದುಕೊಂಡಳು. ಎಳೆದಳು.

ಫ್ಯಾನು ನಿಧಾನವಾಗಿ ನಿಂತಿತು. ಅವಳು ತಾನೇ ಹಿಡಿಕೆ ಮೇಲೆತ್ತಿದಳು. ಮಶೀನು ಮತ್ತೆ ಎದ್ದಿತು. ಸಬನೀಸರು ಕೀಲಿ ಒತ್ತಿ ಮಶೀನನ್ನು ಕೇಳಿದರು, ಪರವಾನಗಿ ಇಲ್ಲ ಎಂದಿತು. ಫ್ಲಾಪಿಯನ್ನು ಕೇಳಿದರು, ಒಂದೇ ಉಳಿದಿದೆ ಎಂದಿತು. ಫ್ಲಾಪಿ ತೆಗೆದು, ಊದಿ, ಮತ್ತೆ ಹಾಕಿದರು. ಅದೇ ಉತ್ತರ. "ಅಯ್ಯ, ಇದೇನಾತ್ರಿ ಇದು" ಎಂದು ಅವರ ಬಾಯಿಂದ ಬಂತು, ಅಪ್ಪಟ ಧಾರವಾಡದ ಕನ್ನಡ.

"ಸಾಹೇಬ್ರ" ಎಂದಳು ಅಕ್ಕವ್ವ, ಗೋಡೆಯ ಹತ್ತಿರದಿಂದಲೇ. "ಎರಡು ತಂದಿದ್ರಿ. ಈಗ ಒಂದೈತಿ. ಇನ್ನೊಂದನ್ನ ಯಾವ ಗೆಳ್ಯಾಗ ಕೊಟ್ರಿ?"

ಬಾಗಿಲಲ್ಲಿದ್ದ ಹೆಂಗಸರಲ್ಲಿ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಸಬನೀಸರ ಮುಖ ಕೆಂಪೇರಿತು, ಆದರೆ ಮೂರ್ಖರಲ್ಲ ಅವರು, ಫ್ಲಾಪಿಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಕನ್ನಡದಲ್ಲೇ ಕೇಳಿದರು, "ಅವತ್ತ ಟಿಳಕವಾಡ್ಯಾಗ ಕರೆಂಟ್ ಹೋಗಿದ್ದು ಖರೇ ಏನು? ಯಾರರೆ ಮೇನ್ ತಗದಿದ್ರೋ?" ಬಾಳಾಸಾಹೇಬರ ಕೈಯಲ್ಲಿ ಟೋಪಿ ತಿರುಗುತ್ತಿತ್ತು. ಈಗ ಅವರ ತಲೆ ತಗ್ಗಿತ್ತು, ಕಣ್ಣು ನೆಲದ ಮೇಲಿತ್ತು. ಗೆದ್ದವಳ ಸಂತೋಷ ಬರಬೇಕಾಗಿತ್ತು. ಅದೇ ಕದ್ದ ಬೆಲ್ಲದ ರುಚಿ ನಾಲಿಗೆಯ ತುದಿಗೆ ಬಂದದ್ದನ್ನು ಅಕ್ಕವ್ವ ಗುರುತಿಸಿದಳು, ಗುರುತಿಸಿ ಉಗುಳಿದಳು. "ನಮ್ಮ ಸಾಹೇಬ್ರು ತಗದ್ರು, ಪೂಜಿಗೆ" ಎಂದಳು. "ಅವರಿಗೆ ಗೊತ್ತಿರಲಿಲ್ಲ. ನನಗ ಗೊತ್ತಿತ್ತು. ಕೆಂಪು ದೀಪ ಉರಿಯೂದು ಕಾಣತಿತ್ತು, ಅವರ ಕೈ ಕಾಣತಿತ್ತು. ನಿಂದರ್ರಿ ಅನ್ನಲಿಲ್ಲ ನಾನು. ಹೊರಗ ಅದೀನಿ ಅಂತ ನನ್ನ ಗ್ಯಾಲರ್ಯಾಗ ನಿಲ್ಲಿಸಿದ್ರು, ಆ ಸಿಟ್ಟಿಗೆ ಅನ್ನಲಿಲ್ಲ. ಅಷ್ಟು ನನ್ನ ತಪ್ಪು. ಅದಕ್ಕಿಂತ ಹೆಚ್ಚಿಂದು ನನ್ನ ಮ್ಯಾಲ ಹಾಕಬ್ಯಾಡ್ರಿ." ಗುಮಾಸ್ತರು ನೆಲ ನೋಡಿದರು. ನೋಡಲಿ. "ಇವತ್ತೂ ಹಂಗ ಅದೀನಿ" ಎಂದಳು. "ಆದ್ರ ಇಲ್ಲೇ ಅದೀನಿ. ಇಲ್ಲೇ ಇರತೀನಿ."

ತಮ್ಮಣ್ಣನವರು ಕನ್ನಡಕ ಹಾಕಿಕೊಂಡು, "ಇರವಾ, ಯಾರ್ ಬ್ಯಾಡ ಅಂದಾರ" ಎಂದರು, ಹೊರಗೆ ನಿಂತ ಹೆಂಗಸರಿಗೆ ಒಳಗೆ ಬಂದು ಕೂರಲು ಕೈಮಾಡಿದರು. ಅಕ್ಕವ್ವ ಮೇಜಿನ ಹತ್ತಿರ ಬಂದಳು. ಬಡಪಾಯಿಯ ಮಾತು ಇನ್ನೂ ಉಳಿದಿತ್ತು, ಅದನ್ನು ಬಿಟ್ಟು ಹೋಗುವವಳಲ್ಲ ಅವಳು. ಉಳಿದ ಒಂದು ಪರವಾನಗಿ ಖಾನಾಪುರದ ಪಾಲು, ಸರಿ. ಪರೀಕ್ಷೆಯ ಮಶೀನಿಗೆ? ನಿಯಮ ಎರಡೇ ಮಶೀನಿಗೆ, ಎಂದರು ಸಬನೀಸರು, ಆದರೆ ಮೊದಲಿನ ಗತ್ತು ದನಿಯಲ್ಲಿ ಇರಲಿಲ್ಲ. "ದಿನಾ ಸತ್ತು ದಿನಾ ಹುಟ್ಟೂ ಮಶೀನದು. ಅದನ್ನೂ ಮಶೀನಂತ ಎಣಿಸಿದ್ರ ನಾವು ಪರೀಕ್ಷಾ ಮಾಡೂದು ಹ್ಯಾಂಗ್ರಿ? ಪರೀಕ್ಷಾ ಮಾಡದ ಕೆಲಸಾನ ಈ ಹೆಣ್ಣಮಕ್ಕಳ ಪಗಾರದ ಮ್ಯಾಲ ಬಿಡೂದೇನು? ಮುಂಬಯಿಗೆ ಹೋಗಿ ಹೇಳ್ರಿ. ಇಂಜಿನಿಯರ್ ಮಂದಿ ನಂಬಲಿಲ್ಲಂದ್ರ ಅವರನ್ನೂ ಕರಕೊಂಡು ಬರ್ರಿ, ನಾ ಮತ್ತ ಮೇನ್ ತಗದು ತೋರಸತೀನಿ." ಸಬನೀಸರು ಹೇಳುತ್ತೇನೆ ಎಂದರು. ಹೇಳುತ್ತಾರೋ ಇಲ್ಲವೋ, ಆ ಚಿಂತೆ ನಾಳೆಯದು. ಅವರು ಮತ್ತೆ ಕೂತು, ಉಳಿದ ಪರವಾನಗಿಯನ್ನು ಖಾನಾಪುರದ ಮಶೀನಿಗೆ ಇಳಿಸಲು ಕೀಲಿ ಒತ್ತಿದರು. ಕೆಂಪು ದೀಪ ಹೊತ್ತಿತು.

ತಮ್ಮಣ್ಣನವರು ಊದಿನಕಡ್ಡಿ ಹಚ್ಚಿದರು. ಹೊಗೆಯ ವಾಸನೆ ಬಂದದ್ದೇ ಬಾಳಾಸಾಹೇಬರು ಎಚ್ಚರಗೊಂಡವರ ಹಾಗೆ ತಲೆ ಎತ್ತಿ, ಟೋಪಿ ಇಟ್ಟುಕೊಂಡು, ಸರಿಮಾಡಿಕೊಂಡು, ಗೋಡೆಯ ಕಡೆ ನಡೆದರು. ಅಷ್ಟೆಲ್ಲ ನಡೆದ ಮೇಲೂ. ಅವರು ನಡೆಯಲಿಲ್ಲ, ಗಿರಣಿಯ ಮನೆತನದ ಕಾಲು ಅವರನ್ನು ನಡೆಸಿತು. ತಂದೆಯ ಬೆರಳು ಹೋದ ದಿನದಿಂದ ಆ ಕೈಗೆ ಪೂಜೆ ಎಂದರೆ ಮೊದಲು ಅದೊಂದೇ ಗೊತ್ತು. ಕೈ ಎತ್ತಿದರು.

"ನಿಂದರ್ರಿ" ಎಂದಳು ಅಕ್ಕವ್ವ.

ಜೋರಾಗಿಯೇನೂ ಅಲ್ಲ. ಮುಳ್ಳು ಕಂಡವರು ಅನ್ನುವಷ್ಟೇ. ಬಾಳಾಸಾಹೇಬರ ಕೈ ಹಿಡಿಕೆಯಿಂದ ಗೇಣುದ್ದ ದೂರದಲ್ಲಿ ನಿಂತಿತು. ಅವರು ತಿರುಗಿ ಅವಳನ್ನು ನೋಡಿದರು, ಅವಳು ದೀಪವನ್ನು ತೋರಿಸಿದಳು. ಕೋಣೆಯಲ್ಲಿದ್ದವರೆಲ್ಲ, ಸೆಕ್ರೆಟರಿ, ಗುಮಾಸ್ತರು, ಮಣ್ಣಿನ ಕೈಯ ಹೆಂಗಸರು, ಇಸ್ತ್ರಿಯ ಅಂಗಿಯ ಸಬನೀಸರು, ಉರಿಯುವ ಆ ಸಣ್ಣ ಕೆಂಪು ದೀಪವನ್ನೇ ನೋಡುತ್ತ ನಿಂತರು. ಅದು ತನ್ನ ಹೊತ್ತು ತಾನು ತೆಗೆದುಕೊಂಡಿತು. ಅಕ್ಕವ್ವ ಅವಸರ ಮಾಡಲಿಲ್ಲ. ದೀಪ ತಾನಾಗಿ ಆರಿತು. ಅವಳು ಮಶೀನು ಬಂದುಮಾಡಿ, ಸೆರಗಿಗೆ ಕೈ ಒರೆಸಿಕೊಂಡಳು.

"ಈಗ ತಗೀರಿ" ಎಂದಳು.